ಜನಜಂಗುಳಿಯ ನಡುವೆ ಮೂಕಜೀವ

ಜಾತ್ರೆ, ಪರಿಷೆ, ತೇರು, ಉತ್ಸವಗಳು ಕನ್ನಡ ನಾಡಿನ ಜನಜೀವನದ ಉಸಿರು. ಒಂಟಿಯಾಗಿ ಅನುಭವಿಸಲಾಗದ ಸಂತೋಷವನ್ನು ಮನುಷ್ಯನು ಸಮೂಹದಲ್ಲಿ ಅನುಭವಿಸುತ್ತಾನೆ. ಭಕ್ತಿಯೂ ಅಲ್ಲಿ ಇಮ್ಮಡಿಸುತ್ತದೆ. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಮೈಸೂರಿನ ದಸರೆಯವರೆಗೆ, ಊರದೇವತೆಯ ತೇರಿನಿಂದ ಮಹಾವೀರ ಜಯಂತಿಯ ಮೆರವಣಿಗೆಯವರೆಗೆ ಜನ ಸೇರುವುದೇ ಹಬ್ಬದ ಲಕ್ಷಣ. ಇತ್ತೀಚಿನ ವರ್ಷಗಳಲ್ಲಿ, ವಿಶೇಷವಾಗಿ ನಗರಗಳಲ್ಲಿ, ಇಂತಹ ಸಂದಣಿಯ ನಡುವೆ ಕೊರಳಪಟ್ಟಿ ಕಟ್ಟಿಸಿಕೊಂಡ ಸಾಕುನಾಯಿಗಳೂ ಕಾಣತೊಡಗಿವೆ. ಮನೆಯ ಮಗುವಿನಂತೆ ಸಾಕಿದ ಪ್ರಾಣಿಯನ್ನು ಬಿಟ್ಟು ಬರಲಾರದೆ ಕರೆತಂದವರು ಹಲವರು. ನಾಲ್ಕು ಜನ ನೋಡಲಿ ಎಂದು ಕರೆತಂದವರು ಕೆಲವರು. ಇಬ್ಬರ ಮನಸ್ಸಿನಲ್ಲಿಯೂ ಆ ಪ್ರಾಣಿಯ ಬಗ್ಗೆ ದ್ವೇಷವಿಲ್ಲ, ಕ್ರೌರ್ಯವಿಲ್ಲ. ಆದರೂ ಹಗ್ಗದ ಇನ್ನೊಂದು ತುದಿಯಲ್ಲಿರುವ ಜೀವಕ್ಕೆ ಆ ಹೊತ್ತಿನಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆಯನ್ನು ಅಹಿಂಸೆಯನ್ನು ಧರ್ಮವೆಂದು ನಂಬಿದವರು ಕೇಳಿಕೊಳ್ಳಲೇಬೇಕಾಗಿದೆ.

ಜೈನದರ್ಶನವು ಸಂಸಾರಿ ಜೀವಗಳನ್ನು ಅವುಗಳ ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತದೆ. ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯದಿಂದ ಮೊದಲ್ಗೊಂಡು ಐದೂ ಇಂದ್ರಿಯಗಳುಳ್ಳ ಪಂಚೇಂದ್ರಿಯದವರೆಗೆ ಈ ಶ್ರೇಣಿ ಸಾಗುತ್ತದೆ. ಪಂಚೇಂದ್ರಿಯಗಳಲ್ಲಿಯೂ ಮನಸ್ಸಿಲ್ಲದವು ಅಸಂಜ್ಞಿ, ಮನಸ್ಸುಳ್ಳವು ಸಂಜ್ಞಿ. ನಾಯಿಯು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ. ಅದಕ್ಕೆ ಸ್ಪರ್ಶನ, ರಸನ, ಘ್ರಾಣ, ಚಕ್ಷು, ಶ್ರೋತ್ರಗಳೆಂಬ ಐದು ಇಂದ್ರಿಯಗಳಿವೆ. ಮನೋಬಲ, ವಚನಬಲ, ಕಾಯಬಲಗಳಿವೆ. ಶ್ವಾಸೋಚ್ಛ್ವಾಸವೂ ಆಯುಷ್ಯವೂ ಇವೆ. ಹೀಗೆ ಹತ್ತು ಪ್ರಾಣಗಳೂ ಅದಕ್ಕುಂಟು. ಪ್ರಾಣಗಳ ಲೆಕ್ಕದಲ್ಲಿ ಮನುಷ್ಯನಿಗೂ ಅದಕ್ಕೂ ಅಂತರವಿಲ್ಲ. ಈ ಹತ್ತರಲ್ಲಿ ಯಾವುದೊಂದಕ್ಕೆ ಪ್ರಮಾದದಿಂದ ಪೀಡೆಯುಂಟಾದರೂ ಅದು ಹಿಂಸೆಯೇ. ಕೊಲ್ಲುವುದು ಮಾತ್ರ ಹಿಂಸೆ, ಉಳಿದುದೆಲ್ಲ ಹಿಂಸೆಯಲ್ಲ ಎಂಬ ಸ್ಥೂಲವಾದ ತಿಳಿವಳಿಕೆಗೆ ಇಲ್ಲಿ ಸ್ಥಾನವಿಲ್ಲ.

ಈಗ ಆ ಐದು ಇಂದ್ರಿಯಗಳ ಮೂಲಕ ಜಾತ್ರೆಯ ಬಯಲನ್ನು ನೋಡಬೇಕು. ಮೊದಲನೆಯದು ಶ್ರೋತ್ರ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಿದರೆ, ನಾಯಿಯ ಕಿವಿ ಅದರ ಎರಡರಷ್ಟನ್ನೂ ಮೀರಿ ಗ್ರಹಿಸಬಲ್ಲದು. ಮನುಷ್ಯನಿಗೆ ಕೇಳಿಸುವ ತಮಟೆ, ಡೊಳ್ಳು, ಧ್ವನಿವರ್ಧಕ, ಪಟಾಕಿಗಳ ಸದ್ದಿನ ಜೊತೆಗೆ ಅವನಿಗೆ ಕೇಳಿಸದ ಕೀಚುದನಿಗಳೂ ಅದರ ಕಿವಿಗೆ ಬೀಳುತ್ತವೆ. ಎರಡನೆಯದು ಘ್ರಾಣ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಕೆಲವೇ ದಶಲಕ್ಷಗಳಷ್ಟಿದ್ದರೆ ನಾಯಿಯ ಮೂಗಿನಲ್ಲಿ ಅವು ಕೋಟಿಗಟ್ಟಲೆ. ಎಣ್ಣೆಯ ಬಾಣಲೆ, ಹೂವು, ಊದುಬತ್ತಿ, ಸಿಡಿಮದ್ದಿನ ಹೊಗೆ, ಸಾವಿರಾರು ಅಪರಿಚಿತ ದೇಹಗಳ ಬೆವರು, ಇವೆಲ್ಲವೂ ಒಮ್ಮೆಗೇ ನುಗ್ಗಿದಾಗ ಅದು ಯಾವುದನ್ನು ಗುರುತಿಸಬೇಕು, ಯಾವುದನ್ನು ಬಿಡಬೇಕು? ಮೂರನೆಯದು ಚಕ್ಷು. ಮನುಷ್ಯನ ಕಣ್ಣಿಗೆ ತೇರಿನ ಕಳಶ ಕಾಣುತ್ತದೆ. ಅವನ ಮೊಣಕಾಲಿನ ಎತ್ತರದಲ್ಲಿರುವ ನಾಯಿಯ ಕಣ್ಣಿಗೆ ಕಾಣುವುದು ಎಲ್ಲ ದಿಕ್ಕುಗಳಿಂದಲೂ ತನ್ನತ್ತ ಬರುತ್ತಿರುವ ಕಾಲುಗಳು ಮಾತ್ರ. ನಾಲ್ಕನೆಯದು ಸ್ಪರ್ಶನ. ಚಪ್ಪಲಿಯಿಲ್ಲದ ನಾಲ್ಕು ಪಾದಗಳು ಬಿಸಿಲಿಗೆ ಕಾದ ಡಾಂಬರು, ಕಾಂಕ್ರೀಟಿನ ಮೇಲೆ ಊರಬೇಕು. ಗುರುತಿಲ್ಲದ ಕೈಗಳು ತಲೆಯನ್ನೂ ಬಾಲವನ್ನೂ ಮುಟ್ಟುವುದನ್ನು ಸಹಿಸಬೇಕು. ಐದನೆಯದು ರಸನ. ಪ್ರೀತಿಯಿಂದ ಯಾರೋ ಎಸೆದ ಪ್ರಸಾದದಲ್ಲಿರುವ ಒಣದ್ರಾಕ್ಷಿ, ಮಗುವೊಂದು ಕೊಟ್ಟ ಚಾಕೊಲೇಟು, ಎಲೆಯಲ್ಲಿ ಉಳಿದ ಈರುಳ್ಳಿಯ ಪಲ್ಯ ನಾಯಿಯ ದೇಹಕ್ಕೆ ವಿಷವಾಗಬಲ್ಲವು.

ಇದರ ಮೇಲೆ ಸೆಕೆಯ ಬಾಧೆ. ನಾಯಿಯ ಸಹಜ ದೇಹೋಷ್ಣವೇ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಮನುಷ್ಯನಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲ ಅದಕ್ಕಿಲ್ಲ. ಬೆವರುವುದು ಪಾದಗಳಲ್ಲಿ ಮಾತ್ರ. ನಾಲಿಗೆ ಚಾಚಿ ವೇಗವಾಗಿ ಉಸಿರಾಡಿಯೇ ಅದು ಮೈಯ ಕಾವನ್ನು ಹೊರಹಾಕಬೇಕು. ಗಾಳಿಯಾಡದ ಸಂದಣಿಯಲ್ಲಿ, ಸುತ್ತಲಿನ ಗಾಳಿಯೇ ಬಿಸಿಯಾಗಿರುವಾಗ, ಆ ಉಪಾಯವೂ ಸೋಲುತ್ತದೆ. ಪಗ್‌ನಂತಹ ಚಪ್ಪಟೆ ಮೂಗಿನ ತಳಿಗಳಿಗಂತೂ ಉಸಿರಾಟವೇ ಶ್ರಮದ ಕೆಲಸ. ಮಹಾವೀರ ಜಯಂತಿ ಬರುವುದು ಚೈತ್ರ ಶುಕ್ಲ ತ್ರಯೋದಶಿಯಂದು. ನಾಡಿನ ಬಹುತೇಕ ತೇರುಗಳು ನಡೆಯುವುದೂ ಬೇಸಗೆಯಲ್ಲಿಯೇ. ಮನುಷ್ಯರೇ ನೆರಳನ್ನು ಹುಡುಕುವ ಆ ದಿನಗಳಲ್ಲಿ ದಟ್ಟವಾದ ತುಪ್ಪಳದ ಪ್ರಾಣಿಯನ್ನು, ಅದರ ಮೇಲೊಂದು ಜರಿಯಂಚಿನ ಅಂಗಿಯನ್ನೂ ತೊಡಿಸಿ, ಮೆರವಣಿಗೆಯುದ್ದಕ್ಕೂ ನಡೆಸುವುದನ್ನು ಏನೆಂದು ಕರೆಯಬೇಕು?

ನಾಯಿ ಸುಮ್ಮನಿದೆಯಲ್ಲ, ಬೊಗಳುತ್ತಿಲ್ಲವಲ್ಲ ಎಂದು ಹೇಳುವವರುಂಟು. ಸುಮ್ಮನಿರುವುದೆಲ್ಲ ಸಮಾಧಾನವಲ್ಲ. ಅದರ ಭಾಷೆ ದನಿಯಲ್ಲಿಲ್ಲ, ದೇಹದಲ್ಲಿದೆ. ನಿದ್ದೆಯ ಹೊತ್ತಲ್ಲದಿದ್ದರೂ ಮೇಲಿಂದ ಮೇಲೆ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿಯನ್ನು ನೆಕ್ಕಿಕೊಳ್ಳುವುದು, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಳ್ಳುವುದು, ಬಾಲವನ್ನು ಕಾಲುಗಳ ನಡುವೆ ಸೇರಿಸಿಕೊಳ್ಳುವುದು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿಯನ್ನು ತೋರುವುದು, ನೀರಿನಲ್ಲಿ ನೆನೆಯದಿದ್ದರೂ ಮೈಯನ್ನು ಕೊಡವುವುದು, ಮೆಚ್ಚಿನ ತಿಂಡಿಯನ್ನೂ ಮೂಸದೆ ಬಿಡುವುದು, ಯಜಮಾನನ ಕಾಲಿನ ಹಿಂದೆ ಅಡಗುವುದು, ಇವೆಲ್ಲ ಅದರ ಬೇಡಿಕೆಗಳು. ಇಲ್ಲಿಂದ ಕರೆದುಕೊಂಡು ಹೋಗು ಎಂಬ ಒಂದೇ ಮಾತನ್ನು ಅದು ಹತ್ತು ಬಗೆಯಲ್ಲಿ ಹೇಳುತ್ತಿರುತ್ತದೆ. ಫೋಟೋ ತೆಗೆಯುವ ಅವಸರದಲ್ಲಿರುವವರಿಗೆ ಬಾಯಿ ತೆರೆದು ಏದುಸಿರು ಬಿಡುತ್ತಿರುವ ಮುಖವು ನಗುವ ಮುಖದಂತೆ ತೋರುತ್ತದೆ. ನೋಡುವವನ ಸಂತೋಷವನ್ನು ನೋಡಲ್ಪಡುವ ಜೀವದ ಮೇಲೆ ಹೊರಿಸುವ ಈ ಭ್ರಮೆಯೇ ಇಲ್ಲಿನ ಮೊದಲ ದೋಷ.

ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥರ ಚರಿತೆಯನ್ನು ಅರಿಯದ ಜೈನ ಮನೆಯಿಲ್ಲ. ವಿವಾಹದ ದಿಬ್ಬಣ ಸಾಗುತ್ತಿದೆ, ಮಂಗಳವಾದ್ಯಗಳು ಮೊಳಗುತ್ತಿವೆ, ರಾಜಪರಿವಾರವೆಲ್ಲ ಸಂಭ್ರಮದಲ್ಲಿದೆ. ಅಷ್ಟೆಲ್ಲ ಸದ್ದಿನ ನಡುವೆ ಬೇಲಿಯೊಳಗೆ ಕೂಡಿಹಾಕಿದ್ದ ಪ್ರಾಣಿಗಳ ಆರ್ತದನಿ ಒಬ್ಬರ ಕಿವಿಗೆ ಬಿತ್ತು. ಅವರು ರಥವನ್ನು ತಿರುಗಿಸಿದರು. ಗಿರಿನಾರದ ದಾರಿ ಹಿಡಿದರು. ಆ ದನಿ ದಿಬ್ಬಣದಲ್ಲಿದ್ದ ಉಳಿದವರಿಗೆ ಕೇಳಿಸಿರಲಿಲ್ಲವೆಂದಲ್ಲ. ಕೇಳಿಸಿದ್ದರೂ ಅದು ಉತ್ಸವದ ಗದ್ದಲದಲ್ಲಿ ಒಂದಾಗಿಹೋಗಿತ್ತು. ಉತ್ಸವದ ನಡುವೆಯೂ ಒಂದು ಪ್ರಾಣಿಯ ಸಂಕಟವನ್ನು ಬೇರೆಯಾಗಿ ಕೇಳಿಸಿಕೊಳ್ಳುವ ಕಿವಿಯೇ ಕರುಣೆ. ಸಂದಣಿಯಲ್ಲಿ ನಿಂತ ನಾಯಿಯು ಕೂಗುವುದೂ ಇಲ್ಲವಾದ್ದರಿಂದ ಅಲ್ಲಿ ಕಿವಿಯ ಜೊತೆಗೆ ಕಣ್ಣೂ ಎಚ್ಚರವಾಗಿರಬೇಕು.

ಗೃಹಸ್ಥನ ಅಹಿಂಸಾಣುವ್ರತಕ್ಕೆ ಒದಗುವ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೆಸರಿಸಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬವೇ ಆ ಐದು. ಈ ಐದೂ ಮನುಷ್ಯನ ಆಶ್ರಯದಲ್ಲಿರುವ ಪ್ರಾಣಿಗಳ ವಿಷಯದಲ್ಲಿ ನಡೆಯಬಹುದಾದ ತಪ್ಪುಗಳೆಂಬುದು ಗಮನಾರ್ಹ. ಕಾಡಿನ ಮೃಗವನ್ನು ಬೇಟೆಯಾಡುವವನಿಗೆ ಹೇಳಿದ ಮಾತಲ್ಲ ಇದು. ಪ್ರಾಣಿಯನ್ನು ಸಾಕಿ, ಅದಕ್ಕೆ ತಾನೇ ಯಜಮಾನನೆಂದು ತಿಳಿದಿರುವ ವ್ರತಿಗೆ ಹೇಳಿದ ಎಚ್ಚರಿಕೆ. ನಾಯಿಯನ್ನು ಸಂದಣಿಗೆ ಕರೆದೊಯ್ಯುವ ಗೃಹಸ್ಥನಿಗೆ ಇದಕ್ಕಿಂತ ಸ್ಪಷ್ಟವಾದ ಕನ್ನಡಿ ಬೇಕಿಲ್ಲ.

ಬಂಧವೆಂದರೆ ಕಟ್ಟುವುದು. ಕನ್ನಡ ನಾಡಿನವರೇ ಆದ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದನ್ನು ವಿವರಿಸುವಾಗ ಹಗ್ಗ, ಸರಪಳಿಗಳ ಮಾತಿಗೆ ನಿಲ್ಲದೆ, ಜೀವವು ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂಬ ಅರ್ಥವನ್ನು ನೀಡುತ್ತಾರೆ. ಈ ವಿವರಣೆಯ ಆಳವನ್ನು ತಿಳಿಯಲು ಜಾತ್ರೆಯ ಬೀದಿಯ ಇನ್ನೊಂದು ನಾಯಿಯನ್ನು ನೋಡಿದರೆ ಸಾಕು. ಬೀದಿನಾಯಿಯೂ ಪಟಾಕಿಯ ಸದ್ದಿಗೆ ಬೆದರುತ್ತದೆ. ಆದರೆ ಬೆದರಿದೊಡನೆ ಅದು ಓಡಿ ಚರಂಡಿಯ ಬದಿಯನ್ನೋ, ನಿಂತ ಲಾರಿಯ ಅಡಿಯನ್ನೋ, ಪಾಳುಗೋಡೆಯ ಮರೆಯನ್ನೋ ಸೇರಿಕೊಳ್ಳುತ್ತದೆ. ಅದಕ್ಕೆ ಮನೆಯಿಲ್ಲ, ಆದರೆ ದಾರಿಯುಂಟು. ಸಾಕುನಾಯಿಗೆ ಮನೆಯುಂಟು, ಹಾಸಿಗೆಯುಂಟು, ಹೆಸರುಂಟು. ಆ ಗಳಿಗೆಯಲ್ಲಿ ದಾರಿ ಮಾತ್ರ ಇಲ್ಲ. ಹಗ್ಗವು ನಾಯಿಯ ಮತ್ತು ಜನರ ರಕ್ಷಣೆಗೆ ಅಗತ್ಯವೆಂಬುದು ನಿಜ. ಸಂದಣಿಯಲ್ಲಿ ಹಗ್ಗವಿಲ್ಲದೆ ನಾಯಿಯನ್ನು ಬಿಡುವುದು ಇನ್ನೂ ದೊಡ್ಡ ಪ್ರಮಾದ. ಹಾಗಾದರೆ ದೋಷವಿರುವುದು ಹಗ್ಗದಲ್ಲಲ್ಲ, ಹಗ್ಗವಿಲ್ಲದೆ ನಿಲ್ಲಲಾರದಂತಹ ಸ್ಥಳಕ್ಕೆ ಕರೆತಂದುದರಲ್ಲಿ.

ವಧವೆಂದರೆ ಇಲ್ಲಿ ಕೊಲ್ಲುವುದಲ್ಲ. ಕೋಲು, ಚಾವಟಿ ಮುಂತಾದವುಗಳಿಂದ ಹೊಡೆಯುವುದು. ಹೆದರಿ ಹಿಂಜರಿದ ನಾಯಿಯನ್ನು ಗದರಿಸಿ, ಕೊರಳಪಟ್ಟಿ ಹಿಡಿದು ಜಗ್ಗುವುದು, ಬೊಗಳಿತೆಂದು ಮೂತಿಗೆ ಹೊಡೆಯುವುದು ಈ ಸಾಲಿಗೇ ಸೇರುತ್ತವೆ. ಛೇದವೆಂದರೆ ಕಿವಿ, ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು. ಪ್ರದರ್ಶನದಲ್ಲಿ ಚೆನ್ನಾಗಿ ಕಾಣಲೆಂದು ಕೆಲವು ತಳಿಗಳ ಮರಿಗಳ ಕಿವಿಯನ್ನೂ ಬಾಲವನ್ನೂ ಕತ್ತರಿಸುವ ರೂಢಿ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಶತಮಾನಗಳ ಹಿಂದೆ ಆಚಾರ್ಯರು ಬಳಸಿದ ಪದವು ಈ ಕಾಲದ ಶೋಕಿಗೆ ಅಕ್ಷರಶಃ ಅನ್ವಯಿಸುತ್ತದೆ.

ಅತಿಭಾರಾರೋಪಣವೆಂದರೆ ನ್ಯಾಯವಾಗಿ ಹೊರಬಲ್ಲುದಕ್ಕಿಂತ ಹೆಚ್ಚಿನ ಹೊರೆಯನ್ನು ಹೊರಿಸುವುದು. ಎತ್ತು, ಕತ್ತೆಗಳ ಬೆನ್ನಿನ ಮೇಲೆ ಹೇರುವ ಮೂಟೆಯನ್ನು ನೆನೆದು ಈ ಪದವನ್ನು ಓದುವುದು ವಾಡಿಕೆ. ಆದರೆ ಸಂಜ್ಞಿ ಜೀವಕ್ಕೆ ಬೆನ್ನಷ್ಟೇ ಅಲ್ಲ, ಮನಸ್ಸೂ ಉಂಟು. ಮನೋಬಲವೂ ಹತ್ತು ಪ್ರಾಣಗಳಲ್ಲೊಂದು. ಮನಸ್ಸಿನ ಮೇಲೆ ಹೇರಿದ ಹೊರೆ ಕಣ್ಣಿಗೆ ಕಾಣುವುದಿಲ್ಲ, ತೂಕಕ್ಕೆ ಸಿಗುವುದಿಲ್ಲ, ಆದ್ದರಿಂದ ಅದು ಹೊರೆಯೇ ಅಲ್ಲವೆಂದು ಹೇಳಲಾಗದು. ಅನ್ನಪಾನನಿರೋಧವೆಂದರೆ ಹಸಿವು, ನೀರಡಿಕೆಗಳಿಗೆ ಗುರಿಮಾಡುವುದು. ಮನೆಮಂದಿಯೆಲ್ಲ ಕಬ್ಬಿನ ಹಾಲು ಕುಡಿದು ಮುಂದೆ ಸಾಗುವಾಗ ಜೊತೆಯಲ್ಲಿರುವ ನಾಯಿಗೆ ಒಂದು ಬಟ್ಟಲು ನೀರು ದೊರೆಯದಿದ್ದರೆ, ಯಾರೂ ಬೇಕೆಂದು ಮಾಡದ ಈ ಮರೆವೂ ಅತಿಚಾರವೇ ಆಗುತ್ತದೆ.

ಪ್ರೀತಿಯಿಂದ ಮಾಡಿದುದು ಹಿಂಸೆ ಹೇಗಾದೀತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ಜೈನಾಚಾರ್ಯರ ಉತ್ತರ ನೇರವಾದುದು. ಪ್ರಮಾದದ ಯೋಗದಿಂದ ಪ್ರಾಣಗಳಿಗೆ ಉಂಟಾಗುವ ಘಾತವೇ ಹಿಂಸೆ. ಪ್ರಮಾದವೆಂದರೆ ಕ್ರೌರ್ಯವಲ್ಲ, ಎಚ್ಚರವಿಲ್ಲದಿರುವಿಕೆ. ಅಮೃತಚಂದ್ರ ಆಚಾರ್ಯರ ಪುರುಷಾರ್ಥಸಿದ್ಧ್ಯುಪಾಯವಂತೂ ರಾಗಾದಿ ಭಾವಗಳ ಉದಯವನ್ನೇ ಹಿಂಸೆಯೆಂದು ಕಾಣುತ್ತದೆ. ರಾಗ ಬೇರೆ, ದಯೆ ಬೇರೆ. ರಾಗವು ಇದು ನನ್ನದು, ನನ್ನ ಜೊತೆಯಲ್ಲಿರಲಿ ಎನ್ನುತ್ತದೆ. ದಯೆಯು ಇದಕ್ಕೆ ಯಾವುದು ಹಿತವೋ ಅದಾಗಲಿ ಎನ್ನುತ್ತದೆ. ನಾಯಿಯನ್ನು ಜಾತ್ರೆಗೆ ಕರೆತರುವ ಮೊದಲು ಈ ಸಂತೋಷ ಯಾರದು ಎಂದು ಕೇಳಿಕೊಂಡರೆ ರಾಗವೂ ದಯೆಯೂ ತಾವಾಗಿಯೇ ಬೇರ್ಪಡುತ್ತವೆ. ಮತ್ತೊಂದು ಸಂಗತಿಯೂ ಇದೆ. ಬಾಹ್ಯ ಪರಿಗ್ರಹಗಳ ಪಟ್ಟಿಯಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ಚತುಷ್ಪದಗಳೂ ಸೇರಿವೆ. ಬೆಲೆಬಾಳುವ ತಳಿಯ ನಾಯಿಯನ್ನು ಜನರ ನಡುವೆ ನಡೆಸುವಾಗ ಅದರ ಹಿಂದೆ ಐಶ್ವರ್ಯದ ಮದವೂ ಹೆಜ್ಜೆ ಹಾಕುತ್ತಿರುವ ಸಂಭವವುಂಟು. ಹಿಂಸ್ರಸ್ವಭಾವದ ಪ್ರಾಣಿಗಳನ್ನು ಸಾಕುವ ವಿಷಯದಲ್ಲಿಯೇ ಹಿಂದಿನ ಆಚಾರ್ಯರು ಶ್ರಾವಕರಿಗೆ ಎಚ್ಚರಿಕೆ ಹೇಳಿದ್ದಾರೆ. ಅದನ್ನು ದಾಟಿ ಕರುಣೆಯಿಂದಲೋ ಕಾವಲಿಗಾಗಿಯೋ ಒಂದು ನಾಯಿಯನ್ನು ಮನೆಗೆ ತಂದವರ ಹೊಣೆ ಇಮ್ಮಡಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಉತ್ಸವದ ನಡುವೆ ನೊಂದ ನಾಯಿಯೊಂದರ ಕಥೆ ಜೈನ ಸಾಹಿತ್ಯದಲ್ಲಿಯೇ ಇದೆ. ವಾದೀಭಸಿಂಹರು ಸಂಸ್ಕೃತದಲ್ಲಿ ಕ್ಷತ್ರಚೂಡಾಮಣಿ, ಗದ್ಯಚಿಂತಾಮಣಿಗಳಾಗಿ ಬರೆದ, ಕನ್ನಡದಲ್ಲಿ ಭಾಸ್ಕರ ಕವಿಯು 1424ರಲ್ಲಿ ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಜೀವಂಧರನ ಚರಿತೆ ಅದು. ವಸಂತೋತ್ಸವಕ್ಕೆ ಊರಿಗೆ ಊರೇ ನೆರೆದಿದೆ. ಹೋಮದ ಹವಿಸ್ಸಿಗೆ ಬಾಯಿ ಹಾಕಿತೆಂಬ ಕೋಪದಿಂದ ಕೆಲವರು ಒಂದು ನಾಯಿಯನ್ನು ಬಡಿದಿದ್ದಾರೆ. ಅದು ಸಾಯುವ ಸ್ಥಿತಿಯಲ್ಲಿ ಬಿದ್ದಿದೆ. ಉತ್ಸವ ನೋಡಲು ಬಂದ ಜೀವಂಧರ ಕುಮಾರನು ಆ ನಾಯಿಯ ಬಳಿ ಕುಳಿತುಕೊಳ್ಳುತ್ತಾನೆ. ಬದುಕಿಸುವ ಯತ್ನ ಕೈಗೂಡದೆಂದು ತಿಳಿದಾಗ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಅದನ್ನು ಕೇಳುತ್ತ ಪ್ರಾಣಬಿಟ್ಟ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟುತ್ತದೆ. ಮುಂದೆ ಜೀವಂಧರನ ಕಷ್ಟಕಾಲದಲ್ಲಿ ನೆರವಾಗುತ್ತದೆ.

ಈ ಕಥೆಯನ್ನು ಮಂತ್ರದ ಮಹಿಮೆಗಾಗಿ ಹೇಳುವುದು ರೂಢಿ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಆ ಮಂತ್ರವನ್ನು ಗ್ರಹಿಸುವ ಮನಸ್ಸು ನಾಯಿಗೆ ಇತ್ತೆಂಬುದನ್ನು ಕಥೆ ಸಹಜವೆಂಬಂತೆ ಒಪ್ಪಿಕೊಳ್ಳುತ್ತದೆ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚವು ಸಮ್ಯಗ್ದರ್ಶನವನ್ನೂ ದೇಶವ್ರತವನ್ನೂ ಹೊಂದಬಲ್ಲದೆಂಬುದು ಆಗಮದ ಮಾತು. ಮಹಾವೀರ ಸ್ವಾಮಿಯ ಜೀವವೇ ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದಾಗ ಮುನಿಗಳ ಉಪದೇಶದಿಂದ ಎಚ್ಚೆತ್ತಿತು. ಶಾಂತವಾದ ದನಿಯನ್ನು ಕೇಳಿ ಶುಭಭಾವ ತಾಳಬಲ್ಲ ಕಿವಿಯೇ ಸಿಡಿಮದ್ದನ್ನು ಕೇಳಿ ನಡುಗುವ ಕಿವಿಯೂ ಹೌದು. ಅಷ್ಟು ಸೂಕ್ಷ್ಮವಾದ ಮನಸ್ಸಿಗೆ ಭಯವನ್ನು ಉಂಟುಮಾಡಿದರೆ ಆಗುವ ನಷ್ಟ ಆ ದಿನದ ನಡುಕಕ್ಕೆ ಮುಗಿಯುವುದಿಲ್ಲ. ಬಯಸದುದರ ಸಂಯೋಗದಿಂದ, ಬಯಸಿದುದರ ವಿಯೋಗದಿಂದ ಆರ್ತಧ್ಯಾನ ಹುಟ್ಟುತ್ತದೆ. ಸಂದಣಿಯಲ್ಲಿ ಸಿಲುಕಿದ ನಾಯಿಗೆ ಅನಿಷ್ಟದ ಸಂಯೋಗ. ಬೆದರಿ ಕೊರಳಪಟ್ಟಿ ಕಳಚಿಕೊಂಡು ಓಡಿ ಊರೊಳಗೆ ಕಳೆದುಹೋದ ನಾಯಿಗೆ ಇಷ್ಟದ ವಿಯೋಗ. ಅಂಚಿಗೆ ತಳ್ಳಲ್ಪಟ್ಟಾಗ ಅದು ಕಚ್ಚಲೂಬಹುದು. ಕಚ್ಚಿಸಿಕೊಂಡುದು ಹೆಚ್ಚಾಗಿ ಅದರ ಮುಖದೆತ್ತರದಲ್ಲಿಯೇ ಇರುವ ಮಗುವಾಗಿರುತ್ತದೆ. ಮಗುವಿಗೆ ಗಾಯ, ತಾಯಿತಂದೆಗೆ ಗಾಬರಿ, ಕೊನೆಗೆ ಕೆಟ್ಟ ನಾಯಿಯೆಂಬ ಹೆಸರು ನಾಯಿಗೆ. ಇನ್ನೊಂದು ಜೀವದಲ್ಲಿ ಕ್ರೋಧ ಹುಟ್ಟಲು ನಿಮಿತ್ತವಾದವನು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ತೀರ್ಥಂಕರರ ಸಮವಸರಣದಲ್ಲಿ ಪ್ರಾಣಿಗಳಿಗೂ ಒಂದು ಕೋಷ್ಠವಿತ್ತಲ್ಲವೇ, ಅದಕ್ಕಿಂತ ದೊಡ್ಡ ಸಭೆ ಯಾವುದು ಎಂದು ಕೇಳುವವರಿದ್ದಾರೆ. ಪ್ರಶ್ನೆ ಒಳ್ಳೆಯದೇ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದು ತಿರ್ಯಂಚಗಳಿಗೆ ಮೀಸಲು. ಆದರೆ ಅಲ್ಲಿಗೆ ಯಾವ ಪ್ರಾಣಿಯನ್ನೂ ಯಾರೂ ಹಗ್ಗ ಹಿಡಿದು ಎಳೆತರಲಿಲ್ಲ. ಅವು ತಾವಾಗಿಯೇ ಬಂದವು. ಅಲ್ಲಿ ಸಿಂಹದ ಬಳಿಯಲ್ಲಿ ಜಿಂಕೆ ನಿರ್ಭಯವಾಗಿ ಕುಳಿತಿತ್ತು. ದಿವ್ಯಧ್ವನಿಯು ಪ್ರತಿಯೊಂದು ಜೀವಕ್ಕೂ ಅದರದರ ಭಾಷೆಯಲ್ಲಿ ತಿಳಿಯುತ್ತಿತ್ತು. ಭಯ, ವೈರಗಳು ಅಡಗಿದ ಸಭೆ ಅದು. ಪ್ರಾಣಿಗೆ ಅರ್ಥವಾಗದ ಸದ್ದು, ಅದು ಆರಿಸಿಕೊಳ್ಳದ ಜಾಗ, ಓಡಲಾಗದ ಹಗ್ಗ, ಇವುಗಳಿಂದ ಕೂಡಿದ ಸಂದಣಿಯನ್ನು ಸಮವಸರಣಕ್ಕೆ ಹೋಲಿಸಲಾಗದು. ಪ್ರಾಣಿಯು ನಿರ್ಭಯವಾಗಿ ಕೂರಬಲ್ಲ ಸಭೆಯನ್ನು ಮನುಷ್ಯರು ಕಟ್ಟಿದ ದಿನ ಅದನ್ನು ಅಲ್ಲಿಗೆ ಕರೆಯಬೇಕಾಗಿಯೂ ಇರುವುದಿಲ್ಲ.

ರೂಢಿ ಮಾಡಿಸಿದರೆ ನಾಯಿ ಹೊಂದಿಕೊಳ್ಳುತ್ತದೆ ಎಂಬುದು ಮತ್ತೊಂದು ವಾದ. ಇದರಲ್ಲಿ ಸತ್ಯಾಂಶವಿದೆ. ಎಳವೆಯಿಂದಲೇ ಸ್ವಲ್ಪ ಸ್ವಲ್ಪವಾಗಿ, ಬಲವಂತವಿಲ್ಲದೆ ಹೊರಗಿನ ಪ್ರಪಂಚವನ್ನು ಪರಿಚಯಿಸಿದ ನಾಯಿಗಳು ಜನರ ನಡುವೆ ನೆಮ್ಮದಿಯಿಂದ ಇರುವುದುಂಟು. ಆದರೆ ರೂಢಿಯೆಂಬುದು ಎಷ್ಟು ಶ್ರಮದ ಕೆಲಸವೆಂಬುದಕ್ಕೆ ಮೈಸೂರಿನ ದಸರೆಯೇ ಸಾಕ್ಷಿ. ಜಂಬೂಸವಾರಿಗೆ ಬರುವ ಆನೆಗಳನ್ನು ವಾರಗಳ ಮೊದಲೇ ಕರೆತಂದು ದಿನವೂ ನಡಿಗೆಯ ತಾಲೀಮು ನೀಡಲಾಗುತ್ತದೆ. ಫಿರಂಗಿಯ ಸದ್ದಿಗೆ ಬೆಚ್ಚದಂತೆ ಆನೆ, ಕುದುರೆಗಳೆದುರು ಮುಂಚಿತವಾಗಿಯೇ ಕುಶಾಲತೋಪು ಸಿಡಿಸಿ ಅಭ್ಯಾಸ ಮಾಡಿಸಲಾಗುತ್ತದೆ. ಮಾವುತರೂ ವೈದ್ಯರೂ ಜೊತೆಯಲ್ಲಿರುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೇ ಇಷ್ಟು ಸಿದ್ಧತೆ ಬೇಕಾದರೆ, ವರ್ಷವಿಡೀ ಮೂರು ಕೋಣೆಗಳ ಮನೆಯಲ್ಲಿ ಬೆಳೆದು, ದಿನಕ್ಕೆರಡು ಬಾರಿ ಬೀದಿಯ ತುದಿಯವರೆಗೆ ನಡೆದುಬರುವ ನಾಯಿಯನ್ನು ಒಂದು ಸಂಜೆ ಇದ್ದಕ್ಕಿದ್ದಂತೆ ಲಕ್ಷ ಜನರ ನಡುವೆ ನಿಲ್ಲಿಸುವುದು ಯಾವ ನ್ಯಾಯ?

ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಹಿಂಸೆಯಲ್ಲವೇ ಎಂಬ ಮೂರನೆಯ ಮಾತಿಗೆ ಹೆಚ್ಚಿನ ತೂಕವಿದೆ. ಒಂಟಿತನವೂ ನಾಯಿಗೆ ನೋವೇ. ಇಲ್ಲಿ ವಿವೇಕದಿಂದ ಎರಡನ್ನೂ ತೂಗಿ ನೋಡಬೇಕು. ಪರಿಚಿತವಾದ ವಾಸನೆ, ತನ್ನದೇ ಹಾಸಿಗೆ, ಬಟ್ಟಲು ತುಂಬ ನೀರು, ಮುಚ್ಚಿದ ಕಿಟಕಿಗಳಿರುವ ಮನೆಯಲ್ಲಿ ಮೂರು ನಾಲ್ಕು ಗಂಟೆ ಕಳೆಯುವುದು ದೊಡ್ಡ ನಾಯಿಗೆ ಸಾಮಾನ್ಯವಾಗಿ ಸಾಧ್ಯ. ಅದಕ್ಕಿಂತ ದೀರ್ಘವಾದ ಉತ್ಸವವಾದರೆ ನೆರೆಮನೆಯವರ ನೆರವು ಕೇಳಬಹುದು. ಮನೆಯವರಲ್ಲಿ ಒಬ್ಬೊಬ್ಬರು ಸರದಿಯಂತೆ ಉಳಿಯಬಹುದು. ಒಂದು ಮೂಕಜೀವಕ್ಕಾಗಿ ಮನೆಯಲ್ಲಿ ಉಳಿದವನು ತೇರನ್ನು ತಪ್ಪಿಸಿಕೊಂಡಿರಬಹುದು, ಧರ್ಮವನ್ನು ತಪ್ಪಿಸಿಕೊಂಡಿಲ್ಲ. ಆ ಸಂಜೆ ಅವನು ಮನೆಯಲ್ಲಿ ಕುಳಿತು ಮಾಡಿದ ಸಾಮಾಯಿಕಕ್ಕೆ ಮೆರವಣಿಗೆಯ ಜಯಕಾರಕ್ಕಿಂತ ಕಡಿಮೆ ಬೆಲೆಯೇನಿಲ್ಲ.

ಕರ್ಮದ ಆಸ್ರವವು ಮಾಡಿದವನಿಗೆ ಮಾತ್ರವಲ್ಲ, ಮಾಡಿಸಿದವನಿಗೂ ಅನುಮೋದಿಸಿದವನಿಗೂ ಉಂಟು. ಕೃತ, ಕಾರಿತ, ಅನುಮತಗಳೆಂಬ ಈ ಮೂರರ ವಿಚಾರ ಇಲ್ಲಿಯೂ ಹೊಂದುತ್ತದೆ. ನಾಯಿಯನ್ನು ಕರೆತಂದವನದು ಕೃತ. ಕರೆತರಲೇಬೇಕೆಂದು ಹಟ ಹಿಡಿದ ಮನೆಯವರದು ಕಾರಿತ. ಬಾಲ ಮುದುರಿ ನಿಂತ ನಾಯಿಯ ಜೊತೆ ಸೆಲ್ಫಿ ತೆಗೆದುಕೊಂಡು ಮೆಚ್ಚುಗೆ ಸೂಚಿಸಿದ ದಾರಿಹೋಕರದು ಅನುಮತ. ಉತ್ಸವಗಳನ್ನು ಏರ್ಪಡಿಸುವ ಸಮಿತಿಗಳೂ ಈ ಹೊಣೆಯಿಂದ ಹೊರತಲ್ಲ. ಸಾಕುಪ್ರಾಣಿಗಳನ್ನು ಕರೆತರಬೇಡಿರೆಂಬ ಒಂದು ಸಾಲನ್ನು ಆಮಂತ್ರಣದಲ್ಲಿ ಸೇರಿಸುವುದು ಕಷ್ಟವಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯು ಅತಿಯಾಗಿ ಹೊರೆ ಹೇರುವುದನ್ನೂ, ತೀರ ಗಿಡ್ಡದಾದ ಅಥವಾ ಭಾರವಾದ ಸರಪಳಿಯಲ್ಲಿ ದೀರ್ಘಕಾಲ ಕಟ್ಟಿಹಾಕುವುದನ್ನೂ ಅಪರಾಧವೆಂದು ಎಣಿಸುತ್ತದೆ. ಜೀವಿಗಳ ಬಗ್ಗೆ ಅನುಕಂಪ ತೋರುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಕಾನೂನು ಹೊರಗಿನ ಬೇಲಿ; ವ್ರತವು ಒಳಗಿನ ಬೇಲಿ. ಒಳಗಿನದು ಗಟ್ಟಿಯಾಗಿದ್ದರೆ ಹೊರಗಿನದರ ಅಗತ್ಯವೇ ಬೀಳದು.

ಕರೆದೊಯ್ಯದೆ ವಿಧಿಯಿಲ್ಲವೆಂಬ ಸಂದರ್ಭಗಳೂ ಬರಬಹುದು. ಪ್ರಯಾಣದ ನಡುವೆ ಜಾತ್ರೆಯ ಊರನ್ನು ದಾಟಬೇಕಾಗಬಹುದು. ಮನೆಯ ಮುಂದೆಯೇ ಮೆರವಣಿಗೆ ಹಾಯಬಹುದು. ಅಂತಹ ವೇಳೆಯಲ್ಲಿ ಯತ್ನಾಚಾರವೇ ದಾರಿ. ಜನ ವಿರಳವಾಗಿರುವ ಮುಂಜಾನೆಯ ಹೊತ್ತನ್ನು ಆರಿಸಿಕೊಳ್ಳಬೇಕು. ಅಂಗೈಯ ಹಿಂಬದಿಯನ್ನು ಏಳೆಂಟು ಸೆಕೆಂಡು ನೆಲದ ಮೇಲೆ ಇಟ್ಟು ನೋಡಿ, ತನಗೆ ಸುಡುವ ನೆಲದ ಮೇಲೆ ನಾಯಿಯನ್ನು ನಡೆಸದಿರಬೇಕು. ನೀರನ್ನೂ ಬಟ್ಟಲನ್ನೂ ಮರೆಯದೆ ಒಯ್ಯಬೇಕು. ಧ್ವನಿವರ್ಧಕ, ವಾದ್ಯಗಳಿಂದ ದೂರವಾಗಿ, ಹಿಂದಕ್ಕೆ ಸರಿಯಲು ಜಾಗವಿರುವ ಕಡೆ ನಿಲ್ಲಬೇಕು. ಮುಟ್ಟಲು ಬಂದವರನ್ನು ವಿನಯದಿಂದ ತಡೆಯಬೇಕು. ಕಾರಿನೊಳಗೆ ಕೂಡಿಹಾಕಿ ಹೋಗುವುದನ್ನಂತೂ ಎಂದಿಗೂ ಮಾಡಬಾರದು. ಬಿಸಿಲಿನಲ್ಲಿ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ. ದೇಹದಲ್ಲಿ ಬೇಡವೆಂಬ ಮೊದಲ ಚಿಹ್ನೆ ಕಂಡೊಡನೆ, ಪೂಜೆ ಅರ್ಧದಲ್ಲಿದ್ದರೂ, ಅಲ್ಲಿಂದ ಹೊರಡಬೇಕು. ಮನೆಯ ಮುಂದೆ ಮೆರವಣಿಗೆ ಹಾಯುವುದಾದರೆ ಒಳಕೋಣೆಯಲ್ಲಿ ಅದರ ಹಾಸಿಗೆಯನ್ನು ಹಾಕಿ, ಯಾರಾದರೊಬ್ಬರು ಬಳಿಯಲ್ಲಿ ಕೂತಿರುವುದು ಒಳಿತು. ಸದ್ದಿಗೆ ವಿಪರೀತ ಬೆದರುವ ನಾಯಿಯಾದರೆ ಪಶುವೈದ್ಯರನ್ನು ಮೊದಲೇ ಕಾಣಬೇಕು.

ಜೈನ ಶ್ರಾವಕನು ದಿನವೂ ಪ್ರತಿಕ್ರಮಣದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಎಲ್ಲ ಜೀವಗಳನ್ನೂ ನೆನೆದು ಕ್ಷಮೆ ಬೇಡುತ್ತಾನೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗೂ ನೋವಾಗದಿರಲೆಂದು ನೀರನ್ನು ಸೋಸಿ ಕುಡಿಯುತ್ತಾನೆ; ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುತ್ತಾನೆ. ಅಷ್ಟು ದೂರದವರೆಗೆ ಚಾಚಬಲ್ಲ ದಯೆಯು ತನ್ನ ಕಾಲಿನ ಬಳಿಯಲ್ಲಿಯೇ ನಡುಗುತ್ತ ನಿಂತ ಜೀವದವರೆಗೆ ಚಾಚದಿರಲು ಕಾರಣವಿಲ್ಲ. ಬಾಯಿಲ್ಲದ ಪ್ರಾಣಿಯು ಕ್ಷಮಿಸಿದೆನೆಂದೂ ಹೇಳಲಾರದು, ಕ್ಷಮಿಸಲಾರೆನೆಂದೂ ಹೇಳಲಾರದು. ಆದ್ದರಿಂದ ಅದರ ವಿಷಯದಲ್ಲಿ ಕ್ಷಮೆ ಬೇಡುವ ಪ್ರಸಂಗವೇ ಬಾರದಂತೆ ನಡೆಯುವುದು ಗೃಹಸ್ಥನ ಧರ್ಮ. ಮುಂದಿನ ತೇರಿಗೋ ಪರಿಷೆಗೋ ಹೊರಡುವ ದಿನ ಬಾಗಿಲಲ್ಲಿ ಬಾಲವಾಡಿಸುತ್ತ ನಿಂತ ನಾಯಿಯ ತಲೆಯನ್ನು ನೇವರಿಸಿ, ಬಟ್ಟಲಿಗೆ ನೀರು ತುಂಬಿ, ಹಗ್ಗವನ್ನು ಗೂಟದಲ್ಲಿಯೇ ಬಿಟ್ಟು ಹೋದವನು ಆ ದಿನದ ಮೊದಲ ಪೂಜೆಯನ್ನು ಮನೆಯಲ್ಲಿಯೇ ಮುಗಿಸಿದಂತೆ.